ಮೆಟ್ಟಿಲ ದೀಪಕ್ಕೆ ಸ್ಮಾರ್ಟ್ ಸ್ವಿಚ್

ಪ್ರಶ್ನೆ: ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಇತ್ತು. ಮೇಲಿನದನ್ನು ತೆಗೆದು ಸ್ಮಾರ್ಟ್ ಸ್ವಿಚ್ ಹಾಕಿಸಿದೆವು. ಕೆಳಗಿನದನ್ನು ಒತ್ತಿದರೆ ಸ್ಮಾರ್ಟ್ ಸ್ವಿಚ್ ಮೊಬೈಲಿಗೇ ಸಿಗುವುದಿಲ್ಲ. ಯಾಕೆ?

ಉತ್ತರ: ಟೂ-ವೇ ಸ್ವಿಚ್ ಮಾಡುವ ಕೆಲಸ ದಾರಿ ಬದಲಿಸುವುದು. ಎರಡು ಸ್ವಿಚ್‌ಗಳ ನಡುವೆ ಎರಡು ತಂತಿಗಳಿರುತ್ತವೆ, ಎರಡು ಸ್ಟೇಷನ್‌ಗಳ ನಡುವಿನ ಜೋಡಿ ಹಳಿಗಳ ಹಾಗೆ. ಎರಡೂ ಕಡೆ ಒಂದೇ ಹಳಿಗೆ ಪಾಯಿಂಟ್ ಹಾಕಿದ್ದರೆ ವಿದ್ಯುತ್ ದಾಟುತ್ತದೆ, ದೀಪ ಉರಿಯುತ್ತದೆ. ಒಂದು ಕಡೆ ಬದಲಿಸಿದರೆ ಆರುತ್ತದೆ.

ಸ್ಮಾರ್ಟ್ ಸ್ವಿಚ್ಚಿನೊಳಗೆ ಪುಟ್ಟ ಕಂಪ್ಯೂಟರ್, ವೈ-ಫೈ ರೇಡಿಯೋ ಇವೆ. ದೀಪ ಆರಿದ್ದಾಗಲೂ ಅವಕ್ಕೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಸ್ಮಾರ್ಟ್ ಸ್ವಿಚ್ ಆ ಎರಡು ತಂತಿಗಳಲ್ಲಿ ಒಂದಕ್ಕೆ ಮಾತ್ರ ಸೇರಿದೆ. ಕೆಳಗಿನ ಸ್ವಿಚ್ ಒತ್ತಿದೊಡನೆ ಫೇಸ್ ಇನ್ನೊಂದು ತಂತಿಗೆ ಹೋಗಿ, ಸ್ಮಾರ್ಟ್ ಸ್ವಿಚ್ ಪೂರ್ತಿ ಸತ್ತುಹೋಗುತ್ತದೆ.

ಪರಿಹಾರ ಸುಲಭ, ಅದೂ ಸಾಮಾನ್ಯವಾಗಿ ಗೋಡೆ ಒಡೆಯದೆ. ಒಂದು ತಂತಿಗೆ ಕೆಳಗಿನ ಬಾಕ್ಸಿನಲ್ಲೇ ಫೇಸ್ ಅನ್ನು ಕಾಯಂ ಜೋಡಿಸಬೇಕು. ಇನ್ನೊಂದು ಕೆಳಗಿನ ಸ್ವಿಚ್ಚಿನಿಂದ ಬರೀ ಸೂಚನೆ ಒಯ್ಯಲಿ. ಆರಿಸುವುದು, ಹಚ್ಚುವುದು ಸ್ಮಾರ್ಟ್ ಸ್ವಿಚ್ಚಿನ ಕೆಲಸ. ಹೊರಗಿನ ಸ್ವಿಚ್‌ಗೆಂದೇ ಟರ್ಮಿನಲ್ ಇರುವ ಮಾದರಿಯನ್ನೇ ಕೊಳ್ಳಿ. ಬಹುತೇಕ ಮಾದರಿಗಳಿಗೆ ನ್ಯೂಟ್ರಲ್ ಕೂಡ ಬೇಕು, ಹಳೆಯ ಸ್ವಿಚ್ ಬಾಕ್ಸ್‌ಗಳಲ್ಲಿ ಅದು ಇರದಿರಬಹುದು. ಇದು 230 ವೋಲ್ಟ್: ಮೇನ್ ಆಫ್ ಮಾಡಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ.