ನೇತ್ರಾಣಿ ಬುಕಿಂಗ್ ಸಿಗಲಿಲ್ವಾ? ಕುರ್ವೆ ಕಡೆ ಬನ್ನಿ

ಮುರುಡೇಶ್ವರದ ಅಂಗಡಿಯವರಿಗೆ ಈ ಪ್ರಶ್ನೆ ಹೊಸದಲ್ಲ: "ಅಣ್ಣಾ, ನೇತ್ರಾಣಿಗೆ ಬೋಟ್ ಎಲ್ಲಿ ಸಿಗುತ್ತೆ?" ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಸ್ಕೂಬಾ ಡೈವಿಂಗ್‌ನಿಂದ ಹೆಸರಾಗಿದೆ. ರಜೆಯಲ್ಲಿ ಬುಕಿಂಗ್ ಸಿಗದವರಿಗೆ ಬೇರೆ ದ್ವೀಪ ಇಲ್ಲ ಅಂತ ಹೇಳಿ ಕಳಿಸಬೇಡಿ. ನಮ್ಮ ಹೊಳೆಗಳಲ್ಲೇ ದ್ವೀಪಗಳಿವೆ, ನಾವು ಕುರ್ವೆ ಅಂತೀವಿ ಅಷ್ಟೇ.

ಹೊನ್ನಾವರದಲ್ಲಿ ಶರಾವತಿ ನಡುವೆ ಮಾವಿನಕುರ್ವೆ ಇದೆ. ತೆಂಗಿನ ತೋಟ, ಮನೆ, ದೋಣಿ. ಹತ್ತಿರದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನ ಮಧ್ಯೆ ಮರದ ಹಾದಿಯಲ್ಲಿ ನಡೆದು ಬರಬಹುದು.

ಕುಮಟಾದವರಿಗೆ ಅಘನಾಶಿನಿಯ ಐಗಳಕುರ್ವೆ ಗೊತ್ತಿರುತ್ತದೆ. ಈ ಅಳಿವೆ ಪ್ರದೇಶ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದು. ಇಳಿತದ ಹೊತ್ತಿಗೆ ಹೋದರೆ ನೀರಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುವವರು ಕಾಣುತ್ತಾರೆ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಈ ಹೊಳೆಯ ದಂಡೆಯಲ್ಲೇ ಇವೆ. ನನ್ನ ಕೇಳಿದರೆ, ನೇತ್ರಾಣಿಗಿಂತ ಇದನ್ನೇ ಮೊದಲು ತೋರಿಸಬೇಕು. ಒಂದೇ ಮಾತು, ಅಲ್ಲಿ ಜನ ವಾಸ ಮಾಡ್ತಾರೆ. ಕೇಳದೆ ಅಂಗಳಕ್ಕೆ ನುಗ್ಗಿ ಫೋಟೊ ತೆಗೆಯೋದು, ಬಾಟಲಿ ಎಸೆಯೋದು ಬೇಡ.

ಬಸವರಾಜದುರ್ಗದ ಮಾತೇ ಬೇರೆ. ಹೊನ್ನಾವರದ ಎದುರು ಸಮುದ್ರದಲ್ಲಿರುವ ಈ ದ್ವೀಪದಲ್ಲಿ ಕೆಳದಿ ಅರಸರ ಕಾಲದ ಕೋಟೆ ಗೋಡೆಗಳಿವೆ. ದಡದಿಂದ ನೋಡಿದರೆ ಈಜಿ ಹೋಗಬಹುದು ಅನ್ನಿಸುತ್ತೆ. ಮೋಸ ಹೋಗಬೇಡಿ. ಶರಾವತಿ ಅಳಿವೆಯಲ್ಲಿ ಹೂಳು ತುಂಬಿ, ಅನುಭವಿ ಮೀನುಗಾರರ ದೋಣಿಗಳೇ ಮಗುಚಿದ್ದಿವೆ. ಭರತ, ಇಳಿತ, ಗಾಳಿ ಬಲ್ಲ ಸ್ಥಳೀಯ ದೋಣಿಯವರ ಜೊತೆಗೇ ಹೋಗಬೇಕು, ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಬೇಕು. ಅವರು "ಇವತ್ತು ಆಗೋದಿಲ್ಲ" ಅಂದರೆ ಚೌಕಾಸಿ ಮಾಡಿ ಒಪ್ಪಿಸಲು ಹೋಗಬೇಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾಗಿದ್ದು ನಮಗೆಲ್ಲ ನೆನಪಿದೆ. ಅದು ಮಳೆಗಾಲವೂ ಅಲ್ಲ.

ಮಳೆಗಾಲದಲ್ಲಂತೂ ಸಮುದ್ರದ ದ್ವೀಪಗಳ ಆಸೆ ಬಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕಾ ದೋಣಿಗಳೇ ಕಡಲಿಗೆ ಇಳಿಯೋದಿಲ್ಲ. ಅಕ್ಟೋಬರ್ ನಂತರ ಬನ್ನಿ ಅಂತ ಹೇಳಿ.

ಇನ್ನು ಕುರ್ವೆಗೆ ಹೊರಟವರು ಕುಡಿಯುವ ನೀರು, ತಿಂಡಿ ಪೇಟೆಯಲ್ಲೇ ಕಟ್ಟಿಸಿಕೊಂಡು ಹೋಗಲಿ. ನಿಮಗೂ ವ್ಯಾಪಾರ. ಖಾಲಿ ಬಾಟಲಿ ವಾಪಸ್ ತರಲು ಚೀಲವೊಂದನ್ನೂ ಕೊಟ್ಟು ಕಳಿಸಿ.