ಎಂಆರ್‌ಐ ನಾರ್ಮಲ್, ಕಾಲು ಮಾತ್ರ ಏಳ್ತಿಲ್ಲ: ಅಪಘಾತದ ನಂತರದ ಎಫ್‌ಎನ್‌ಡಿ ಮತ್ತು ಪರಿಹಾರದ ಲೆಕ್ಕ

ಅಂಕೋಲಾ ತಾಲೂಕಿನ ಬೆಳಂಬಾರ ಅಂದ್ರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗೋದು ಲಕ್ವದ ಔಷಧ. ಅಲ್ಲಿನ ಹಾಲಕ್ಕಿ ಸಮುದಾಯದ ನಾಟಿ ವೈದ್ಯರ ಮನೆಗೆ ಕೈಕಾಲು ಸ್ವಾಧೀನ ತಪ್ಪಿದವರು ಹೊರ ಜಿಲ್ಲೆಗಳಿಂದಲೂ ಬರುತ್ತಾರೆ. ಹಾಗಾಗಿ ಈ ಕಡೆ ಯಾರಿಗೇ ಕಾಲು ಎಳೆಯೋಕೆ ಶುರುವಾದರೂ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು "ಲಕ್ವ ಹೊಡೆದಿರಬೇಕು" ಅಂತಲೇ. ಆದರೆ ನೋಡೋಕೆ ಲಕ್ವದ ಹಾಗೇ ಇದ್ದು, ಲಕ್ವ ಅಲ್ಲದ ಒಂದು ಕಾಯಿಲೆ ಇದೆ. ಅದು ಅಪಘಾತದ ನಂತರ ಬಂದರಂತೂ ರೋಗಿ ಆಸ್ಪತ್ರೆ ಮತ್ತು ಕೋರ್ಟು ಎರಡೂ ಕಡೆ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಈ ಸಲ ಅದರ ಬಗ್ಗೆ ಬರೆಯೋಣ ಅಂದುಕೊಂಡೆವು.

ಒಂದು ಸಂದರ್ಭ ಊಹಿಸಿಕೊಳ್ಳಿ. ಇದು ಯಾರದ್ದೋ ನಿಜ ಕಥೆ ಅಲ್ಲ, ವಿಷಯ ಅರ್ಥವಾಗಲಿ ಅಂತ ನಾವೇ ಕಟ್ಟಿಕೊಂಡದ್ದು. ಬೆಳಂಬಾರದ 24 ವರ್ಷದ ಹುಡುಗ, ಡಿಪ್ಲೊಮಾ ಮುಗಿಸಿ ಕಾರವಾರದಲ್ಲಿ ಕೆಲಸಕ್ಕಿದ್ದಾನೆ. ಸಂಬಳ ತಿಂಗಳಿಗೆ 18,000 ರೂಪಾಯಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಿಂದಿನಿಂದ ಬಂದ ಕಾರು ಇವನ ಬೈಕಿಗೆ ಗುದ್ದಿತು. ಮೂಳೆ ಮುರಿಯಲಿಲ್ಲ, ಮೊಣಕಾಲು ತರಚಿತು, ಬೆನ್ನಿಗೆ ಪೆಟ್ಟಾಯಿತು. ಹತ್ತು ದಿನ ಬಿಟ್ಟು ಬಲಗಾಲು ಎಳೆಯೋಕೆ ಶುರು. ಎಂಆರ್‌ಐ ನಾರ್ಮಲ್, ನರದ ಪರೀಕ್ಷೆ ನಾರ್ಮಲ್. ಕಾಲು ಮಾತ್ರ ಹೇಳಿದ ಮಾತು ಕೇಳೋದಿಲ್ಲ. ಅಲ್ಲಿಂದ ಪಿಸುಮಾತು ಶುರುವಾಗುತ್ತೆ: "ಇನ್ಶೂರೆನ್ಸ್ ದುಡ್ಡಿಗೆ ನಾಟಕ."

ನಾಟಕ ಅಲ್ಲದಿದ್ದರೆ ಮತ್ತೇನು?

ಇದರ ಹೆಸರು ಫಂಕ್ಷನಲ್ ನ್ಯೂರಾಲಾಜಿಕಲ್ ಡಿಸಾರ್ಡರ್, ಚಿಕ್ಕದಾಗಿ ಎಫ್‌ಎನ್‌ಡಿ. ಕನ್ನಡದಲ್ಲಿ ಹೇಳೋದಾದರೆ ನರಮಂಡಲದ ರಚನೆ ಕೆಡದೆ ಅದರ ಕೆಲಸ ಕೆಡುವ ಕಾಯಿಲೆ. ಇಂಜಿನಿಯರಿಂಗ್‌ನವರಿಗೆ ಇದು ಬೇಗ ಅರ್ಥವಾಗುತ್ತೆ. ಹಾರ್ಡ್‌ವೇರ್ ಸರಿ ಇದೆ, ಬೋರ್ಡ್ ಸುಟ್ಟಿಲ್ಲ, ವೈರ್ ತುಂಡಾಗಿಲ್ಲ. ಸಾಫ್ಟ್‌ವೇರ್ ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ. ಸಾಫ್ಟ್‌ವೇರ್ ಹಾಳಾದ ಯಂತ್ರವನ್ನ ಯಾರೂ "ಇದು ಸುಮ್ನೆ ನಾಟಕ ಮಾಡ್ತಿದೆ" ಅನ್ನೋದಿಲ್ಲ ಅಲ್ವಾ? ಹೋಲಿಕೆ ಪೂರ್ತಿ ಕರಾರುವಾಕ್ಕು ಅಂತ ಅಲ್ಲ, ಆದರೆ ಶುರು ಮಾಡೋಕೆ ಸಾಕು.

ಮುಖ್ಯವಾದ ಮಾತು ಏನಂದ್ರೆ, "ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ, ಹಾಗಾಗಿ ಎಫ್‌ಎನ್‌ಡಿ" ಅಂತ ಈಗ ಹೇಳೋದಿಲ್ಲ. ಅದಕ್ಕೆ ಅದರದ್ದೇ ಗುರುತುಗಳಿವೆ. ಅದರಲ್ಲಿ ಪ್ರಸಿದ್ಧವಾದದ್ದು 1908ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ ವಿವರಿಸಿದ ಪರೀಕ್ಷೆ. ಮಲಗಿದ ರೋಗಿಗೆ "ಬಲಹೀನ ಕಾಲಿನ ಹಿಮ್ಮಡಿಯನ್ನ ಹಾಸಿಗೆಗೆ ಒತ್ತು" ಅಂದರೆ ಆಗೋದಿಲ್ಲ. ಅದೇ "ಇನ್ನೊಂದು ಕಾಲನ್ನ ಮೇಲೆತ್ತು" ಅಂದು ವೈದ್ಯರು ಆ ಕಾಲನ್ನ ತಡೆದು ಹಿಡಿದರೆ, ಬಲಹೀನ ಕಾಲು ತಾನಾಗೇ ಜೋರಾಗಿ ಕೆಳಗೆ ಒತ್ತುತ್ತೆ. ಅಂದ್ರೆ ದಾರಿ ಕಡಿದಿಲ್ಲ. ಬೇಕು ಅಂತ ಗಮನ ಕೊಟ್ಟು ಮಾಡುವಾಗ ಮಾತ್ರ ಅಪ್ಪಣೆ ತಲುಪುತ್ತಿಲ್ಲ. ಚಿಕಿತ್ಸೆಯೂ ಈ ತಿಳುವಳಿಕೆ ಮೇಲೆಯೇ ನಿಂತಿದೆ: ಇದಕ್ಕೆಂದೇ ರೂಪಿಸಿದ ಫಿಸಿಯೋಥೆರಪಿ, ಜೊತೆಗೆ ಬೇಕಾದವರಿಗೆ ಮಾನಸಿಕ ಚಿಕಿತ್ಸೆ. ಕೆಲವರು ಪೂರ್ತಿ ಗುಣವಾಗುತ್ತಾರೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತೆ. ಮೈಗೆ ಬಿದ್ದ ಪೆಟ್ಟು ಸಣ್ಣದಿದ್ದರೂ ಇದು ಶುರುವಾಗೋಕೆ ನೆಪವಾಗಬಹುದು.

ಒಂದು ಎಚ್ಚರಿಕೆ. ಕೈಕಾಲು ದಿಢೀರ್ ಅಂತ ಬಲ ಕಳೆದುಕೊಂಡರೆ ಮೊದಲು ಆಸ್ಪತ್ರೆಗೇ ಓಡಬೇಕು. ಅದು ನಿಜವಾದ ಪಾರ್ಶ್ವವಾಯು ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇರುತ್ತೆ. ಎಫ್‌ಎನ್‌ಡಿಯೋ ಮತ್ತೊಂದೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡೋ ವಿಷಯ ಅಲ್ಲ.

ರೈಲಿನ ಕಾಲದ ಜಗಳ

ಅಪಘಾತ, ಕಾಣದ ಗಾಯ, ಪರಿಹಾರ — ಈ ಮೂರರ ಜಗಳ ಹಳೆಯದು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಹೆಚ್ಚಿದಾಗ ಮೇಲ್ನೋಟಕ್ಕೆ ಗಾಯವಿಲ್ಲದವರಿಗೂ ನಿಶ್ಶಕ್ತಿ, ನೋವು, ನಡುಕ ಬರ್ತಿತ್ತು. 1866ರಲ್ಲಿ ಜಾನ್ ಎರಿಕ್ ಎರಿಕ್ಸನ್ ಎಂಬ ಸರ್ಜನ್ ಇದು ಬೆನ್ನುಹುರಿಗಾದ ಪೆಟ್ಟು ಅಂತ ಬರೆದರು. ಜನ ಇದನ್ನ "ರೈಲ್ವೆ ಬೆನ್ನು" ಅಂತ ಕರೆದರು. 1883ರಲ್ಲಿ ಹರ್ಬರ್ಟ್ ಪೇಜ್ ಇದಕ್ಕೆ ಉತ್ತರವಾಗಿ, ಬೆನ್ನುಹುರಿಗೆ ಏನೂ ಆಗಿಲ್ಲ, ಬಹಳಷ್ಟು ಕಡೆ ಭಯದ ಆಘಾತವೇ ಕಾರಣ ಅಂದರು. ಪೇಜ್ ಒಂದು ರೈಲ್ವೆ ಕಂಪನಿಯ ಸರ್ಜನ್ ಆಗಿದ್ದರು ಅನ್ನೋದನ್ನ ಇಲ್ಲಿ ಮರೆಯೋ ಹಾಗಿಲ್ಲ.

1961ರಲ್ಲಿ ಬ್ರಿಟನ್ನಿನ ನರರೋಗ ತಜ್ಞ ಹೆನ್ರಿ ಮಿಲ್ಲರ್, ಇಂಥವರು ಕೇಸು ಮುಗಿದು ದುಡ್ಡು ಕೈಗೆ ಬಂದ ಮೇಲೆ ಗುಣವಾಗಿಬಿಡುತ್ತಾರೆ ಎಂಬರ್ಥದ ವಾದ ಮುಂದಿಟ್ಟರು. ಕೋರ್ಟುಗಳಲ್ಲಿ ಆ ವಾದ ಬಹಳ ದಿನ ಓಡಿತು. ಆಮೇಲೆ ಇಂಥ ರೋಗಿಗಳನ್ನ ಕೇಸು ಮುಗಿದ ನಂತರವೂ ಗಮನಿಸಿ ನೋಡಿದಾಗ, ಎಷ್ಟೋ ಜನ ಗುಣವಾಗಿರಲಿಲ್ಲ, ಕೆಲಸಕ್ಕೂ ಮರಳಿರಲಿಲ್ಲ. "ದುಡ್ಡು ಬಂದ್ರೆ ಎದ್ದು ಓಡ್ತಾನೆ" ಅನ್ನೋ ನಮ್ಮೂರಿನ ಮಾತಿಗೂ ಇದೇ ಉತ್ತರ.

ನಮ್ಮ ಕಾನೂನಿನಲ್ಲಿ ದಾರಿ

1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಪಘಾತ ಆದ ಊರು, ಅರ್ಜಿದಾರ ವಾಸಿಸುವ ಊರು, ಎದುರುದಾರ ಇರುವ ಊರು, ಈ ಮೂರರಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಮಂಡಳಿ ಆದರೂ ಸರಿ. ಬೆಂಗಳೂರಿನಲ್ಲಿ ಅಪಘಾತ ಆದರೂ ಬೆಳಂಬಾರದವನು ತನ್ನ ಜಿಲ್ಲೆಯಲ್ಲೇ ಕೇಸು ಹಾಕಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಉತ್ತರ ಕನ್ನಡದವರ ಮೇಲ್ಮನವಿ ಹೋಗೋದು ಧಾರವಾಡದ ಹೈಕೋರ್ಟ್ ಪೀಠಕ್ಕೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ 6 ತಿಂಗಳ ಗಡುವು ಹಾಕಿದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ. ಆದರೂ ಅದನ್ನ ನಂಬಿ ಕೂರಬೇಡಿ, 6 ತಿಂಗಳೊಳಗೇ ಹಾಕಿ. ಎಫ್‌ಎನ್‌ಡಿಯಲ್ಲಿ ರೋಗ ಏನು ಅಂತ ಗೊತ್ತಾಗೋಕೇ ತಿಂಗಳುಗಳು ಹೋಗುತ್ತವೆ. ಅದು ಗೊತ್ತಾಗಲಿ ಅಂತ ಕಾಯೋದು ತಪ್ಪು.

ಎಫ್‌ಎನ್‌ಡಿ ಅಂತ ಹೆಸರು ಹಿಡಿದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇರಬೇಕಾಗಿಯೂ ಇಲ್ಲ. ಸಾಬೀತು ಮಾಡಬೇಕಾದದ್ದು ಮೂರು: ಎದುರಿನವನ ನಿರ್ಲಕ್ಷ್ಯದಿಂದ ಅಪಘಾತ ಆಯಿತು, ಆ ಅಪಘಾತದಿಂದ ಈ ಸ್ಥಿತಿ ಬಂತು, ಇದರಿಂದ ದುಡಿಮೆಗೆ ಇಷ್ಟು ಹೊಡೆತ ಬಿತ್ತು. ಕ್ರಿಮಿನಲ್ ಕೇಸಿನ ಹಾಗೆ ಎಳ್ಳಷ್ಟೂ ಸಂಶಯ ಇಲ್ಲದ ಹಾಗೆ ತೋರಿಸಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಅನ್ನೋದೇ ಅಳತೆ. ನಮ್ಮ ಹುಡುಗನ ಕೇಸಿನಲ್ಲಿ ಜಗಳ ಎಲ್ಲ ಎರಡನೇ ಮತ್ತು ಮೂರನೇ ಅಂಶದ ಮೇಲೆ.

ಶೇಕಡಾ ಎಷ್ಟು, ಯಾರ ಶೇಕಡಾ?

2010ರಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಬಹಳ ಉಪಯೋಗದ ಮಾತು ಹೇಳಿದೆ. ದೇಹದ ವೈಕಲ್ಯದ ಶೇಕಡಾ ಬೇರೆ, ದುಡಿಯುವ ಶಕ್ತಿ ಕಳೆದುಕೊಂಡ ಶೇಕಡಾ ಬೇರೆ. ಎಡಗೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಗೆ ಜೀವನೋಪಾಯವೇ ಹೋದಂತೆ. ಅದೇ ಸರ್ಕಾರಿ ಗುಮಾಸ್ತನಿಗೆ ಕೆಲಸ ಉಳಿಯಬಹುದು. ವೈದ್ಯರು ಹೇಳೋದು ಮೊದಲನೆಯದನ್ನ, ಎರಡನೆಯದನ್ನ ತೀರ್ಮಾನಿಸೋದು ನ್ಯಾಯಮಂಡಳಿ. ಚಿಕಿತ್ಸೆಯನ್ನೇ ಕೊಡದೆ ಕೇಸಿಗೋಸ್ಕರ ಧಾರಾಳವಾಗಿ ಸರ್ಟಿಫಿಕೇಟ್ ಬರೆಯುವವರ ಬಗ್ಗೆಯೂ ಕೋರ್ಟ್ ಎಚ್ಚರಿಸಿದೆ.

ಈಗ ಲೆಕ್ಕ ಮಾಡೋಣ. ಹುಡುಗನದ್ದು ಕಾಯಂ ಅಲ್ಲದ ನೌಕರಿ ಅಂತಿಟ್ಟುಕೊಳ್ಳಿ. 2017ರ ಪ್ರಣಯ್ ಸೇಠಿ ತೀರ್ಪಿನಂತೆ 40 ವರ್ಷದೊಳಗಿನ ಇಂಥವರಿಗೆ ಮುಂದಿನ ಆದಾಯದ ಬಾಬ್ತು ಶೇ. 40 ಸೇರಿಸಬೇಕು: 18,000 ಹೋಗಿ 25,200 ಆಯಿತು. ವರ್ಷಕ್ಕೆ 3,02,400. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 21ರಿಂದ 25 ವಯಸ್ಸಿಗೆ ಗುಣಕ 18. ಗುಣಿಸಿದರೆ 54,43,200. ದುಡಿಮೆಯ ನಷ್ಟ ಶೇ. 30 ಅಂತಾದರೆ 16,32,960. ಶೇ. 10 ಅಂತಾದರೆ 5,44,320. "ನಾರ್ಮಲ್ ಎಂಆರ್‌ಐ" ಅನ್ನೋ ಎರಡು ಪದದ ಮೇಲೆ ಹತ್ತು ಲಕ್ಷಕ್ಕಿಂತ ಹೆಚ್ಚು ತೂಗಾಡುತ್ತಿದೆ.

ಇನ್ನೂ ಒಂದು ತೊಡಕಿದೆ. ಈ ಗುಣಕದ ಲೆಕ್ಕ ಬರೋದು ವೈಕಲ್ಯ ಶಾಶ್ವತ ಅಂತಾದಾಗ. ತಾತ್ಕಾಲಿಕ ಅಂತಾದರೆ ಚಿಕಿತ್ಸೆಯ ಖರ್ಚು, ಕಳೆದುಹೋದ ತಿಂಗಳುಗಳ ಸಂಬಳ, ನೋವಿನ ಬಾಬ್ತು ಇಷ್ಟೇ. ಎಫ್‌ಎನ್‌ಡಿ ಈ ಎರಡರ ನಡುವೆ ನಿಲ್ಲುತ್ತೆ: ಗುಣವಾಗಬಹುದು, ಆಗದೆಯೂ ಇರಬಹುದು. ಬೇಗ ರಾಜಿ ಮಾಡಿಕೊಂಡು ಆಮೇಲೆ ಕಾಯಿಲೆ ಉಳಿದರೆ? 2002ರ ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಾಗೆ ಅಂತಿಮ ತೀರ್ಪಾದ ಮೇಲೆ ಮತ್ತೊಮ್ಮೆ ಪರಿಹಾರ ಕೇಳೋ ಅವಕಾಶ ಈ ಕಾಯ್ದೆಯಲ್ಲಿಲ್ಲ. ಲೋಕ ಅದಾಲತ್ತಿನ ರಾಜಿಗಂತೂ ಮೇಲ್ಮನವಿಯೂ ಇಲ್ಲ. ಹಾಗಾಗಿ ಅರ್ಜಿ ಬೇಗ ಹಾಕಿ, ರಾಜಿಗೆ ಮಾತ್ರ ಅವಸರ ಮಾಡಬೇಡಿ. ಮುಂದಿನ ಫಿಸಿಯೋಥೆರಪಿಯ ಖರ್ಚನ್ನೂ ಈಗಲೇ ಲೆಕ್ಕದಲ್ಲಿ ಸೇರಿಸಿ.

ಕೈಯಲ್ಲಿ ಇರಬೇಕಾದದ್ದು

ಅಪಘಾತದ ದಿನವೇ ಆಸ್ಪತ್ರೆಗೆ ಹೋಗಿ ಗಾಯದ ದಾಖಲೆ ಮಾಡಿಸಿ, ಸಣ್ಣ ಪೆಟ್ಟಾದರೂ ಸರಿ. ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಪ್ರಥಮ ಅಪಘಾತ ವರದಿ ಕಳಿಸಬೇಕೆಂಬ ನಿಯಮ ಇದೆ, ಅದರ ಪ್ರತಿ ಕೇಳಿ ಪಡೆಯಿರಿ. ಕಾಲು ಎಳೆಯೋಕೆ ಶುರುವಾದ ದಿನವನ್ನ ಬರೆದಿಡಿ. ಅದಕ್ಕೆ ಮುಂಚೆ ಸರಿಯಾಗಿ ಕೆಲಸಕ್ಕೆ ಹೋಗುತ್ತಿದ್ದ ಬಗ್ಗೆ ಹಾಜರಿ, ಸಂಬಳದ ಚೀಟಿ ಇಟ್ಟುಕೊಳ್ಳಿ. ನರರೋಗ ತಜ್ಞರ ಚೀಟಿಯಲ್ಲಿ "ನಾರ್ಮಲ್" ಅಂತಷ್ಟೇ ಇರಬಾರದು. ಹೂವರ್ ಪರೀಕ್ಷೆಯಂಥ ಗುರುತು ಕಂಡಿತು, ಆದ್ದರಿಂದ ಈ ರೋಗ ಅಂತ ಬರೆದುಕೊಡಲು ವಿನಂತಿಸಿ. ಚಿಕಿತ್ಸೆ ಕೊಟ್ಟ ವೈದ್ಯರೇ ಸಾಕ್ಷಿ ಹೇಳಿದರೆ ಅದಕ್ಕೆ ಬೆಲೆ ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ದೊಡ್ಡ ಚಿಕಿತ್ಸೆ ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಉರುಳಿದಾಗ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಮತ್ತೆ ಎದ್ದದ್ದು ಎಲ್ಲರಿಗೂ ನೆನಪಿದೆ. ಓಡಾಟದ ಬಸ್ ಟಿಕೆಟ್, ಬಾಡಿಗೆ ಗಾಡಿಯ ರಸೀದಿ ಕೂಡ ಜೋಪಾನ ಮಾಡಿ, ಅದೂ ಪರಿಹಾರದ ಭಾಗವೇ. ನಾಟಿ ಔಷಧ ತಗೊಳ್ಳೋರು ಅದನ್ನ ವೈದ್ಯರಿಗೂ ವಕೀಲರಿಗೂ ಮುಚ್ಚಿಡಬೇಡಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಹರಿಗೆ ಉಚಿತ ನೆರವು ಕೊಡುತ್ತೆ.

ಕೊನೆಯದಾಗಿ, ಇರೋದನ್ನ ಇದ್ದ ಹಾಗೇ ಹೇಳಿ. ಎಫ್‌ಎನ್‌ಡಿ ದಿನಕ್ಕೊಂದು ತರಹ ಇರುತ್ತೆ. ಒಂದು ದಿನ ಜಾತ್ರೆಗೆ ಹೋಗೋಷ್ಟು ಶಕ್ತಿ, ಮರುದಿನ ಬಚ್ಚಲಿಗೆ ಹೋಗೋಕೂ ಆಗೋದಿಲ್ಲ. "ಒಂದು ಹೆಜ್ಜೆಯೂ ಇಡೋಕಾಗಲ್ಲ" ಅಂತ ಕೋರ್ಟಿನಲ್ಲಿ ಹೇಳಿ, ನಡೆಯುತ್ತಿರೋ ವಿಡಿಯೋ ಎದುರು ಪಕ್ಷದ ಕೈಗೆ ಸಿಕ್ಕರೆ ನಿಜವಾದ ಕಾಯಿಲೆಯೂ ಸುಳ್ಳಾಗಿಬಿಡುತ್ತೆ. ಒಳ್ಳೆ ದಿನ, ಕೆಟ್ಟ ದಿನ ಎರಡನ್ನೂ ಡೈರಿಯಲ್ಲಿ ಬರೆದಿಟ್ಟರೆ ಅದೇ ಗಟ್ಟಿ ಸಾಕ್ಷಿ. ಕೇಸು ಮುಗಿಯಲಿ ಅಂತ ಚಿಕಿತ್ಸೆಯನ್ನಂತೂ ಮುಂದೂಡಲೇಬೇಡಿ. ಕೇಸಿಗೆ ವರ್ಷಗಳು ಹಿಡಿಯಬಹುದು, ಕಾಲಿಗೆ ಅಷ್ಟು ಕಾಯುವ ಪುರಸೊತ್ತಿಲ್ಲ.

ನಮ್ಮ ಹಾಸ್ಟೆಲಿನಲ್ಲೋ ಊರಿನಲ್ಲೋ ಯಾರಾದರೂ ಅಪಘಾತದ ನಂತರ ಹೀಗೆ ಕಾಲೆಳೆಯುತ್ತಾ ನಡೆದರೆ, "ರಿಪೋರ್ಟ್ ನಾರ್ಮಲ್ ಇದೆಯಲ್ಲ ಮಾರಾಯ" ಅನ್ನೋ ಮುಂಚೆ ಒಂದು ಕ್ಷಣ ತಡೆಯೋಣ. ರಿಪೋರ್ಟ್ ಹೇಳಿದ್ದು ವೈರ್ ತುಂಡಾಗಿಲ್ಲ ಅಂತ ಅಷ್ಟೇ.