ಗಾಡಿ ಏರು ಹತ್ತದಿದ್ದರೆ ಎಂಜಿನ್ ಬಿಚ್ಚಿಸೋಕೆ ಮುಂಚೆ

ಕಾರ್ತಿಕ ಮಾಸದ ಕೊನೇ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಮುಂದೆ ಹೊಸ ಕಾಯಿ ಇಟ್ಟು, ಉಳಿದದ್ದನ್ನು ರಸ್ತೆ ಬದಿ ರಾಶಿ ಹಾಕಿ ಮಾರೋದು ನಮ್ಮ ಮಾಗಡಿ ಕಡೆಯವರಿಗೆ ಹೊಸದಲ್ಲ. ನಾನೂ ನನ್ನ ಹಳೇ ಮಾರುತಿ ಓಮ್ನಿಯಲ್ಲಿ ಆರು ಮೂಟೆ ಹಾಕಿಕೊಂಡು ಹೋಗ್ತೀನಿ. ಗಾಡಿ 1998ರದ್ದು, ನನ್ನದು ಮೂರನೇ ಕೈ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಕಾರ್ಬುರೇಟರಿನದು. ಕಂಪನಿಯವರು 2019ರಲ್ಲಿ ಓಮ್ನಿ ಮಾಡೋದನ್ನೇ ನಿಲ್ಲಿಸಿದರು. ಆದರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡ್ತಾ ಇವೆ.

ಹಿಂದಿನ ಪರಿಷೆಯಲ್ಲಿ ಆದದ್ದು ಹೇಳ್ತೀನಿ. ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿದ್ದೆ. ತಾವರೆಕೆರೆ ದಾಟೋವರೆಗೆ ಗಾಡಿ ಚೆನ್ನಾಗೇ ಬಂತು. ಸುಂಕದಕಟ್ಟೆ ಹತ್ತಿರ ಬರ್ತಿದ್ದ ಹಾಗೆ ಆಕ್ಸಿಲೇಟರ್ ಪೂರ್ತಿ ಒತ್ತಿದರೂ ಮುಂದಕ್ಕೆ ಎಳೆಯದು. ಹೇಗೋ ಗಾಂಧಿನಗರ ಸೇರಿ, ಒಂದು ಅಂಗಡಿಗೆ ಒಂದು ಮೂಟೆ ಇಳಿಸಿದೆ. ಅಲ್ಲಿ ಕಾಲು ಗಂಟೆ ನಿಂತಿದ್ದಕ್ಕೋ ಏನೋ ಮತ್ತೆ ಜೀವ ಬಂತು. ಅಂತೂ ಸರಿಹೋಯ್ತು ಅಂದುಕೊಂಡು ಆನಂದರಾವ್ ಸರ್ಕಲ್ಲಿನ ಮೇಲ್ಸೇತುವೆ ಹತ್ತಿಸಿದರೆ ಅರ್ಧಕ್ಕೆ ಉಸಿರುಗಟ್ಟಿ ನಿಂತೇ ಬಿಟ್ಟಿತು. ಹಿಂದೆ ಬಸ್ಸು, ಆಟೋ, ಹಾರನ್ನು. ನಾಲ್ಕು ಜನ ಪುಣ್ಯಾತ್ಮರು ಕೆಳಕ್ಕೆ ತಳ್ಳಿಕೊಟ್ಟರು.

ಹತ್ತಿರದ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಐದು ನಿಮಿಷ ಎಂಜಿನ್ ಸದ್ದು ಕೇಳಿದವನೇ, "ಬೋರ್ ಹೋಗಿದೆ ಯಜಮಾನ್ರೇ, ಎಂಜಿನ್ ಇಳಿಸಬೇಕು, 28 ಸಾವಿರ ಆಗುತ್ತೆ" ಅಂದ. ಆರು ಮೂಟೆ ಕಾಯಿ ಪೂರ್ತಿ ಮಾರಿದರೂ ಅಷ್ಟು ಹುಟ್ಟೋದಿಲ್ಲ. ಮುಂದಿನ ಬಿತ್ತನೆ ಬೀಜಕ್ಕೂ ಅದೇ ದುಡ್ಡು. ಪರಿಷೆ ಮುಗಿಸಿ ಬರ್ತೀನಿ ಅಂತ ಹೇಳಿ ನಿಧಾನವಾಗಿ ಬಸವನಗುಡಿ ಮುಟ್ಟಿದೆ.

ಕಾಯಿ ಕೊಳ್ಳೋಕೆ ಬಂದವರೊಬ್ಬರು ಚಾಮರಾಜಪೇಟೆಯ ಗಲ್ಲಿಯಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ, ಅವರಿಗೆ ತೋರಿಸಿ ಅಂದರು. ಹೋದೆ. ಆ ಮನುಷ್ಯ ಪಾನಾ ಕೈಗೇ ತಗೊಳ್ಳಲಿಲ್ಲ. ಮೊದಲು ಬರೀ ಪ್ರಶ್ನೆ. ಎಷ್ಟು ದೂರ ಬಂದ ಮೇಲೆ ಹೀಗಾಗುತ್ತೆ? ನಿಲ್ಲಿಸಿದರೆ ಸರಿಹೋಗುತ್ತಾ? ಹೊಗೆ ಬರುತ್ತಾ, ಯಾವ ಬಣ್ಣ? ಆಯಿಲ್ ಕುಡಿಯುತ್ತಾ? ಊರಲ್ಲಿ ಓಡಾಡುವಾಗ ಹೀಗಾಗುತ್ತಾ?

ಆಮೇಲೆ ಅವರು ನೋಡಿದ ರೀತಿ ನನಗೆ ಗಾಡಿ ಎತ್ತಿನ ಲೆಕ್ಕದಲ್ಲಿ ತಿಳಿಯಿತು. ಗಾಡಿ ಏರು ಹತ್ತಲಿಲ್ಲ ಅಂದರೆ ನೊಗ ಜಾರ್ತಿರಬೇಕು, ಇಲ್ಲ ಗಾಲಿ ಹಿಡಿದಿರಬೇಕು, ಇಲ್ಲ ಎತ್ತಿಗೆ ಮೇವಿಲ್ಲ. ಎತ್ತು ಮುದಿಯಾಯಿತು ಅನ್ನೋದು ಕೊನೇ ಮಾತು.

ನೊಗ ಅಂದರೆ ಕ್ಲಚ್ಚು. ಸಮ ನೆಲದಲ್ಲಿ, ಮುಂದೆ ಯಾರೂ ಇಲ್ಲದ ಕಡೆ, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟರು. ಎಂಜಿನ್ ಆಫ್ ಆಯಿತು. ಹಾಗಾದರೆ ಕ್ಲಚ್ ಸರಿ. ಆಫ್ ಆಗದೆ ತಿರುಗ್ತಾನೇ ಇದ್ದರೆ ಪ್ಲೇಟು ಸವೆದಿದೆ ಅಂತ. ಗಾಲಿ ನೋಡೋಕೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿದರು. ಹಿಂದಿನ ಎಡಗಾಲಿ ಸ್ವಲ್ಪ ಹಿಡೀತಿತ್ತು, ಬ್ರೇಕ್ ಸಡಿಲ ಮಾಡಿದರು. ಆದರೆ ಇಷ್ಟಕ್ಕೇ ಗಾಡಿ ನಿಲ್ಲೋದಿಲ್ಲ ಅಂದರು.

ಇನ್ನು ಮೇವು. ಓಮ್ನಿಯಲ್ಲಿ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದರೆ ಬೆಳಕೇ ಕಾಣದು. ನಮ್ಮ ಮಣ್ಣುರಸ್ತೆಯ ಧೂಳು! ಆಕ್ಸಿಲೇಟರ್ ಒತ್ತಿಸಿ ಕಾರ್ಬುರೇಟರಿನ ಬಾಗಿಲು ಪೂರ್ತಿ ತೆರೀತದಾ ಅಂತಲೂ ನೋಡಿದರು. ಕೇಬಲ್ ಸಡಿಲ ಇದ್ದರೂ ಗಾಡಿ ಎಳೆಯೋಲ್ಲವಂತೆ. ಮೂರೂ ಪ್ಲಗ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ಕಂದು ಬಣ್ಣ ಇದ್ದರೆ ಆರೋಗ್ಯ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್ ಅಷ್ಟು ಕಟ್ಟಿದ್ದರೆ ಕಪ್ಪಾಗಬೇಕಿತ್ತು, ನನ್ನವು ಮೂರೂ ಬಿಳುಪು. ಮೇಸ್ತ್ರಿ ನಕ್ಕರು. "ಗೌಡ್ರೇ, ಟ್ಯಾಂಕ್ ಮುಚ್ಚಳ ತೆಗೀರಿ."

ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಕ್ಕೆ ಎಳೆದ ಸದ್ದು.

ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಅದಕ್ಕೊಂದು ಉಸಿರಿನ ದಾರಿ ಇಟ್ಟಿರ್ತಾರೆ. ಮಳೆಗಾಲದಲ್ಲಿ ಗಾಡಿ ಎರಡು ತಿಂಗಳು ಹುಣಸೆಮರದ ಕೆಳಗೇ ನಿಂತಿತ್ತಲ್ಲ, ಆ ಪೈಪಿನ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಗಾಳಿ ಬರದಿದ್ದರೆ ಟ್ಯಾಂಕಿನೊಳಗೆ ಎಳೆತ ಹೆಚ್ಚುತ್ತೆ, ಪಂಪಿಗೆ ಪೆಟ್ರೋಲ್ ಎತ್ತೋಕಾಗಲ್ಲ. ನಿಲ್ಲಿಸಿದರೆ ಸಂದಿಗೊಂದಿಯಿಂದ ಗಾಳಿ ನುಸುಳಿ ಸರಿಹೋಗುತ್ತೆ. ಊರಲ್ಲಿ ಯಾಕೆ ಆಗ್ತಿರಲಿಲ್ಲ ಅಂದರೆ, ಅಲ್ಲಿ ಹಾಕಿಸೋದು ಎರಡು ಲೀಟರು, ಓಡಿಸೋದು ಎರಡು ಮೈಲಿ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಬೇಕಾದಷ್ಟು. ತುಂಬಿದ ಟ್ಯಾಂಕಿನಲ್ಲಿ ಜಾಗ ಕಮ್ಮಿ, ಎಳೆತ ಬೇಗ ಹತ್ತುತ್ತೆ. ಟ್ಯಾಂಕ್ ತುಂಬಿಸಿದ್ದೇ ನನಗೆ ತಪ್ಪಾಗಿತ್ತು!

ಪೈಪ್ ತೊಳೆದು, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದು ಹಾಕಿದರು. ಬಿರುಕುಬಿಟ್ಟ ರಬ್ಬರ್ ಪೈಪುಗಳನ್ನೂ ಬದಲಿಸಿದರು. 2025ರ ಹೊತ್ತಿಗೆ ಬಂಕುಗಳಿಗೆ ಬಂದಿರೋದು ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. ಅದು ನೀರು ಹೀರುತ್ತೆ, ಹಳೇ ಟ್ಯಾಂಕಿನ ತುಕ್ಕು ಕಸ ಸಡಿಲಿಸಿ ಫಿಲ್ಟರ್ ಕಟ್ಟಿಸುತ್ತೆ, ಆ ಕಾಲದ ರಬ್ಬರಿಗೂ ಆಗಿಬರೋದಿಲ್ಲ. ಹಳೇ ಗಾಡಿಯವರು ಪೈಪು ಬೆರಳಲ್ಲಿ ಹಿಚುಕಿ ನೋಡ್ತಿರಬೇಕು. ಪೆಟ್ರೋಲ್ ವಾಸನೆ ಬಂದರೆ ಬೀಡಿ ಕಡ್ಡಿ ಹತ್ತಿರ ತರಬೇಡಿ, ಪೈಪಿಗೆ ಬಾಯಿ ಇಟ್ಟು ಎಳೆಯಲೂ ಬೇಡಿ.

ಬೋರ್ ವಿಚಾರ ಕೇಳಿದ್ದಕ್ಕೆ ಮೂರೂ ಸಿಲಿಂಡರಿಗೆ ಕಂಪ್ರೆಶನ್ ಗೇಜ್ ಹಚ್ಚಿ ತೋರಿಸಿದರು. ಮೂರೂ ಹತ್ತಿರ ಹತ್ತಿರ ಒಂದೇ ಸಮ. ನೀಲಿ ಹೊಗೆ ಇಲ್ಲ, ಆಯಿಲ್ ಇಳಿದಿಲ್ಲ. ಬಿಚ್ಚಿಸೋಕೆ ಕಾರಣವೇ ಇಲ್ಲ ಅಂದರು. ಸಾಮಾನು, ಕೂಲಿ ಸೇರಿ 1,850 ರೂಪಾಯಿ. ಎರಡು ಸೇರು ಕಾಯಿ ಬೇರೆ ಕೊಟ್ಟೆ, ಬೇಡ ಅಂದರೂ ಬಿಡಲಿಲ್ಲ.

ಈಗ ಉಸಿರಿನ ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೀನಿ, ತಿಂಗಳಿಗೊಮ್ಮೆ ಧೂಳು ಕೊಡವ್ತೀನಿ. ಈ ಸಲ ಟ್ಯಾಂಕ್ ತುಂಬಿಸಿ, ಆರು ಮೂಟೆ ಹೇರಿಕೊಂಡೇ ಅದೇ ಮೇಲ್ಸೇತುವೆ ಹತ್ತಿಸಿದೆ. ಎಲ್ಲೂ ನಿಲ್ಲಲಿಲ್ಲ.